ಟ್ರಾನ್ಸ್‌ಫಾರ್ಮರ್‌ನಂಥ ಭಾರೀ ಸರಕು ಎಳೆಯುತ್ತಿದ್ದ ಹಳೆಯ ಬ್ರಿಟಿಷ್ ಸ್ಕ್ಯಾಮೆಲ್ ಲಾರಿಗಳ ಬೆನ್ನ ಮೇಲೆ ತೂಕದ ಪೆಟ್ಟಿಗೆ ಏಕೆ? ಟ್ರೈಲರ್ ಹಿಂದೆ ಇನ್ನೊಂದು ಲಾರಿ ಏಕೆ?

ಎರಡಕ್ಕೂ ಕಾರಣ ಟೈರಿನ ಹಿಡಿತ. ಸಾಮಾನ್ಯ ಟ್ರೈಲರ್ ಲಾರಿಯಲ್ಲಿ ಸರಕಿನ ಒಂದು ಪಾಲು ಲಾರಿಯ ಹಿಂದಿನ ಚಕ್ರಗಳ ಮೇಲೆಯೇ ಕೂರುತ್ತದೆ. ಟ್ರಾನ್ಸ್‌ಫಾರ್ಮರ್ ಹೊರುವ ಟ್ರೈಲರ್ ಹಾಗಲ್ಲ, ಇಡೀ ಭಾರವನ್ನು ತನ್ನ ಚಕ್ರಗಳ ಮೇಲೇ ಹೊರುತ್ತದೆ. ಲಾರಿಗೆ ತಗಲುವುದು ಡ್ರಾಬಾರ್, ಅಂದರೆ ಎಳೆಯುವ ಕಂಬಿ ಮಾತ್ರ. ಹಾಗಾಗಿ ಲಾರಿಯ ಚಕ್ರಗಳು ಜಾರದೆ ನೆಲ ಹಿಡಿಯಲೆಂದು ಪೆಟ್ಟಿಗೆಯಲ್ಲಿ ಕಬ್ಬಿಣವನ್ನೋ ಕಾಂಕ್ರೀಟನ್ನೋ ತುಂಬುತ್ತಿದ್ದರು.

ಲೆಕ್ಕ ಹಾಕಿ ನೋಡಿ. ಎಂಜಿನ್ ತಿರುಗಿಸುವ ಚಕ್ರಗಳ ಮೇಲೆ 20 ಟನ್ ಇದ್ದರೆ ಒಣ ಡಾಂಬರಿನಲ್ಲಿ ಸುಮಾರು 12 ಟನ್ ಎಳೆತ ಸಿಗುತ್ತದೆ, ಮಳೆಯಲ್ಲಿ 8. ಲಾರಿ, ಟ್ರೈಲರ್, ಸರಕು ಸೇರಿ ಒಟ್ಟು 200 ಟನ್ನಿನ ಸಾಲು 20ಕ್ಕೆ 1ರ ಏರು (20 ಮೀಟರಿಗೆ 1 ಮೀಟರ್ ಎತ್ತರ) ಹತ್ತಲು ಏರಿಗೇ 10 ಟನ್ ಬೇಕು, ಚಕ್ರ ಉರುಳಲು ಇನ್ನೂ 2-3. ಒಂದು ಲಾರಿ ಅಲ್ಲೇ ಸೋಲುತ್ತದೆ, ಎಂಜಿನ್ ಎಷ್ಟೇ ದೊಡ್ಡದಿರಲಿ. 1964ರಲ್ಲಿ ಬಂದ, 240 ಟನ್ ಸಾಮರ್ಥ್ಯದ ಸ್ಕ್ಯಾಮೆಲ್ ಕಾಂಟ್ರಾಕ್ಟರ್ ಲಾರಿಗಳನ್ನೂ ಜೋಡಿಯಾಗಿ ಕಟ್ಟುತ್ತಿದ್ದದ್ದು ಇದಕ್ಕೇ.

ಹಿಂದಿನ ಲಾರಿ ಏರಿನಲ್ಲಿ ತಳ್ಳುತ್ತದೆ, ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುತ್ತದೆ. ನನ್ನ ಪ್ರಕಾರ ಕಷ್ಟದ ಕೆಲಸ ಹಿಂದಿನ ಡ್ರೈವರ್‌ದೇ: ತಿರುವಿನಲ್ಲಿ ಮುಂದಿನವನಿಗಿಂತ ಮೊದಲು ಆಕ್ಸಿಲರೇಟರ್ ಒತ್ತಿದರೆ ಟ್ರೈಲರಿನ ಹಿಂಭಾಗ ಪಕ್ಕಕ್ಕೆ ದೂಡಿಹೋಗುತ್ತದೆ.