ಹಳೆಯ ಲ್ಯಾಪ್‌ಟಾಪ್‌ನಲ್ಲಿ ಯಕ್ಷಗಾನದ ಫೋಟೊ ಎಡಿಟಿಂಗ್: ಎಸ್‌ಎಸ್‌ಡಿ ಹಾಕಿಸಲೇ, ಹೊಸದನ್ನೇ ಕೊಳ್ಳಲೇ?

ನೀವು ಕೊಟ್ಟಿರುವ ವಿವರ ಇಷ್ಟು: ಏಳನೇ ತಲೆಮಾರಿನ ಐ5 (7200ಯು) ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್, 24 ಮೆಗಾಪಿಕ್ಸೆಲ್ ಕ್ಯಾಮೆರಾ, ಕುಂದಾಪುರದ ಸುತ್ತಮುತ್ತ ಯಕ್ಷಗಾನದ ಆಟಗಳ ಚಿತ್ರ ತೆಗೆಯುವ ಹವ್ಯಾಸ, ಎಡಿಟಿಂಗ್ ಲೈಟ್‌ರೂಮ್ ಕ್ಲಾಸಿಕ್ ಎಂಬ ಫೋಟೊ ತಂತ್ರಾಂಶದಲ್ಲಿ, ಕೈಯಲ್ಲಿ ಎಪ್ಪತ್ತೈದು ಸಾವಿರ ರೂಪಾಯಿ. ನಾನೂ ರಂಗಸ್ಥಳದ ಮುಂದೆ ಕೂತು ಚಿತ್ರ ತೆಗೆಯುವವನೇ. ಹೊಟ್ಟೆಪಾಡಿಗೆ ಮದುವೆ, ಉಪನಯನಗಳ ಆಲ್ಬಂ ಮಾಡುತ್ತೇನೆ. ನನ್ನ ಉತ್ತರ: ಈಗ ಒಂದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಹಾಕಿಸಿ, ಬಣ್ಣ ಸರಿಯಾಗಿ ತೋರಿಸುವ ಒಂದು ಮಾನಿಟರ್ ತನ್ನಿ, ಉಳಿದ ದುಡ್ಡನ್ನು ಸದ್ಯಕ್ಕೆ ಮುಟ್ಟಬೇಡಿ.

ಲ್ಯಾಪ್‌ಟಾಪ್ ನಿಧಾನ ಎಂದಷ್ಟೇ ಬರೆದಿದ್ದೀರಿ. ಯಾವ ಕೆಲಸದಲ್ಲಿ ನಿಧಾನ ಎಂಬುದು ಮುಖ್ಯ. ಚಿತ್ರದಿಂದ ಚಿತ್ರಕ್ಕೆ ಹೋಗುವಾಗ ಮಸುಕಾಗಿ ಕಂಡು ಆಮೇಲೆ ಸ್ಪಷ್ಟವಾಗುವುದು ಒಂದು ಬಗೆಯ ಕಾಯುವಿಕೆ. ಸ್ಲೈಡರ್ ಎಳೆದ ಮೇಲೆ ಬದಲಾವಣೆ ತಡವಾಗಿ ಕಾಣುವುದು ಇನ್ನೊಂದು. ನಾಯ್ಸ್ (ಕಡಿಮೆ ಬೆಳಕಿನ ಚಿತ್ರದಲ್ಲಿ ಕಾಣುವ ಕಾಳುಕಾಳು) ತೆಗೆಯುವ ಡಿನಾಯ್ಸ್ ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಮುಗಿಯದಿರುವುದು ಮೂರನೆಯದು. ಮೊದಲನೆಯದಕ್ಕೆ ಬಹುಮಟ್ಟಿಗೆ ಡಿಸ್ಕ್ ಹೊಣೆ, ಎರಡನೆಯದಕ್ಕೆ ಪ್ರೊಸೆಸರ್ ಮತ್ತು ರ‍್ಯಾಮ್, ಮೂರನೆಯದಕ್ಕೆ ಗ್ರಾಫಿಕ್ಸ್ ಚಿಪ್. ಅಂಗಡಿಯವರು ಈ ಮೂರನ್ನೂ ಒಟ್ಟು ಸೇರಿಸಿ ಹೊಸ ಲ್ಯಾಪ್‌ಟಾಪ್ ಮಾರುತ್ತಾರೆ. ಅದು ಅವರ ವ್ಯಾಪಾರ, ತಪ್ಪೇನಿಲ್ಲ.

ನಿಮ್ಮದು ಯಾವುದೆಂದು ತಿಳಿಯಲು ಲೈಟ್‌ರೂಮ್‌ನಲ್ಲಿ ಎಂದಿನಂತೆ ಕೆಲಸ ಮಾಡುತ್ತ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಡಿಸ್ಕ್ ನೂರಕ್ಕೆ ನೂರು ತೋರಿಸುತ್ತ ಪ್ರೊಸೆಸರ್ ಆರಾಮವಾಗಿದ್ದರೆ ಕಳ್ಳ ಸಿಕ್ಕಿಬಿದ್ದ ಎಂದೇ ಅರ್ಥ. ನಿಮ್ಮಲ್ಲಿ ಇದೇ ಕಾಣುತ್ತದೆ ಎಂಬುದು ನನ್ನ ಊಹೆ. ಲೈಟ್‌ರೂಮ್‌ನ ಕ್ಯಾಟಲಾಗ್ (ಚಿತ್ರಗಳ ಪಟ್ಟಿ) ಮತ್ತು ಪ್ರಿವ್ಯೂ (ಮುನ್ನೋಟ) ಗಳೆಂದರೆ ಸಾವಿರಾರು ಸಣ್ಣ ಸಣ್ಣ ತುಣುಕುಗಳು. ತಿರುಗುವ ಡಿಸ್ಕ್‌ನಲ್ಲಿ ಒಂದೊಂದು ತುಣುಕಿಗೂ ಸೂಜಿಯಂಥ ಕೈ ಜಾಗ ಹುಡುಕಿಕೊಂಡು ಓಡಬೇಕು. ಸೆಕೆಂಡಿಗೆ ನೂರು ಸಲ ಓಡಿದರೆ ಅದೇ ಹೆಚ್ಚು. ಉಗ್ರಾಣದಿಂದ ಅಕ್ಕಿಯನ್ನು ಒಂದೊಂದೇ ಕಾಳಾಗಿ ತಂದಂತೆ. ಎಸ್‌ಎಸ್‌ಡಿಯಲ್ಲಿ ಓಡುವ ಕೈಯೇ ಇಲ್ಲ. ಅಗ್ಗದ ಸಾಟಾ ಮಾದರಿಯೂ ಇಂಥ ತುಣುಕುಗಳನ್ನು ಸೆಕೆಂಡಿಗೆ ಸಾವಿರಗಟ್ಟಲೆ ಕೊಡುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲೇ ಎರಡೂವರೆ ಇಂಚಿನ ಎಸ್‌ಎಸ್‌ಡಿ ಕೂರುತ್ತದೆ. ತೆಗೆದ ಡಿಸ್ಕನ್ನು ಯುಎಸ್‌ಬಿ ಕವಚಕ್ಕೆ ಹಾಕಿ ಹಳೆಯ ಆಟಗಳ ಸಂಗ್ರಹಕ್ಕೆ ಇಟ್ಟುಕೊಳ್ಳಿ. ಬಿಚ್ಚಿಸುವ ಮೊದಲು ಎಲ್ಲ ಫೋಟೊಗಳ ಪ್ರತಿ ಇನ್ನೊಂದು ಡಿಸ್ಕ್‌ನಲ್ಲಿರಲಿ, ಇದರಲ್ಲಿ ರಿಯಾಯಿತಿ ಇಲ್ಲ.

ರ‍್ಯಾಮ್ ವಿಷಯದಲ್ಲಿ ಅವಸರ ಬೇಡ. 24 ಮೆಗಾಪಿಕ್ಸೆಲ್ ಚಿತ್ರವೊಂದು 16 ಬಿಟ್‌ನಲ್ಲಿ ತೆರೆದುಕೊಂಡರೆ ಸುಮಾರು 144 ಎಂಬಿ. ಫೋಟೊಶಾಪ್‌ನಲ್ಲಿ ಪದರದ ಮೇಲೆ ಪದರ ಹಾಕುವವರಿಗೆ 8 ಜಿಬಿ ಬೇಗ ತುಂಬುತ್ತದೆ. ಬರೀ ಲೈಟ್‌ರೂಮ್ ಬಳಸುತ್ತ ಬ್ರೌಸರ್ ಮುಚ್ಚಿಟ್ಟುಕೊಳ್ಳುವವರಿಗೆ ಹೇಗೋ ನಡೆಯುತ್ತದೆ. ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಸದಾ ಶೇ 90ರ ಮೇಲಿದ್ದರೆ ಮಾತ್ರ ಇನ್ನೊಂದು 8 ಜಿಬಿ ಹಾಕಿಸಿ. ಎಷ್ಟು ಸ್ಲಾಟ್‌ಗಳಿವೆ, ಎಷ್ಟು ಭರ್ತಿಯಾಗಿವೆ ಎಂಬುದನ್ನೂ ಆ ಪುಟವೇ ತೋರಿಸುತ್ತದೆ, ಲ್ಯಾಪ್‌ಟಾಪ್ ಬಿಚ್ಚಬೇಕಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿರುವುದರಿಂದ ಅಂದಿನ ದರ ಕೇಳಿಯೇ ನಿರ್ಧರಿಸಿ. ಎಸ್‌ಎಸ್‌ಡಿ, ರ‍್ಯಾಮ್ ಸೇರಿ ಹೊಸ ಲ್ಯಾಪ್‌ಟಾಪ್‌ನ ಕಾಲು ಭಾಗದ ಬೆಲೆ ದಾಟಿದರೆ ನಾನಾದರೆ ಎಸ್‌ಎಸ್‌ಡಿಗೇ ನಿಲ್ಲಿಸುತ್ತಿದ್ದೆ.

ಈಗ ನಿಮ್ಮ ಅಸಲಿ ಚಿಂತೆ, ನಾಯ್ಸ್. ಧೀಂಗಿಣ (ಸುತ್ತುತ್ತ ಹಾರುವ ಕುಣಿತ) ಹಾಕುವ ಪುಂಡುವೇಷವನ್ನು (ಚುರುಕಿನ ಯುವ ವೀರನ ಪಾತ್ರ) ಅಲುಗಾಡದಂತೆ ಹಿಡಿಯಲು ಶಟರ್ 1/500 ಸೆಕೆಂಡಿಗೆ ಹೋಗಬೇಕು, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 6400 ಆಗದೆ ಗತಿಯಿಲ್ಲ, ಚಿತ್ರದ ತುಂಬ ಕಾಳುಕಾಳು. 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮ್‌ಗೆ ಬಂದ ಎಐ ಡಿನಾಯ್ಸ್ ಇದಕ್ಕೆ ನಿಜಕ್ಕೂ ಒಳ್ಳೆಯ ಮದ್ದು, ಆದರೆ ಅದು ಇಡೀ ಭಾರವನ್ನು ಗ್ರಾಫಿಕ್ಸ್ ಚಿಪ್ ಮೇಲೆ ಹಾಕುತ್ತದೆ. ನಿಮ್ಮ ಪ್ರೊಸೆಸರ್ ಒಳಗಿರುವ ಗ್ರಾಫಿಕ್ಸ್‌ಗೆ ಒಂದೊಂದು ಚಿತ್ರಕ್ಕೂ ಹಲವು ನಿಮಿಷ ಬೇಕು. ಎಸ್‌ಎಸ್‌ಡಿಯಾಗಲಿ ರ‍್ಯಾಮ್ ಆಗಲಿ ಇದನ್ನು ಕಡಿಮೆ ಮಾಡುವುದಿಲ್ಲ. ಆರ್‌ಟಿಎಕ್ಸ್ 4050ಯಂಥ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇದ್ದರೆ ಅದೇ ಚಿತ್ರ ಅರ್ಧ ನಿಮಿಷದೊಳಗೆ ಮುಗಿಯುತ್ತದೆ.

ಹಾಗಾದರೆ ಹೊಸದೇ ಬೇಕಲ್ಲವೇ ಎನ್ನಬೇಡಿ. ನಿಮ್ಮ ಚಿತ್ರಗಳು ಹೆಚ್ಚಾಗಿ ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗೆ ಹೋಗುತ್ತವೆ ಎಂದು ನೀವೇ ಬರೆದಿದ್ದೀರಿ. 6000 ಪಿಕ್ಸೆಲ್ ಅಗಲದ ಚಿತ್ರವನ್ನು 2000ಕ್ಕೆ ಇಳಿಸಿದಾಗ ಒಂಬತ್ತು ಪಿಕ್ಸೆಲ್‌ಗಳು ಬೆರೆತು ಒಂದಾಗುತ್ತವೆ. ಕಾಳು ತಾನಾಗಿಯೇ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ಅದರ ಜೊತೆಗೆ ಹಳೆಯ ಮಾಮೂಲಿ ನಾಯ್ಸ್ ಸ್ಲೈಡರ್ ಸ್ವಲ್ಪ ಎಳೆದರೆ ಮೊಬೈಲ್‌ನಲ್ಲಿ ನೋಡುವ ಯಾರೂ ದೂರುವುದಿಲ್ಲ. ಪರದೆಯಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನೋಡಿ ಕೊರಗುವವರು ನಾವು ತೆಗೆಯುವವರು ಮಾತ್ರ. ಕಲಾವಿದರು ಗೋಡೆಗೆ ಹಾಕಲು ದೊಡ್ಡ ಪ್ರಿಂಟ್ ಕೇಳಿದರೆ ಆ ನಾಲ್ಕಾರು ಚಿತ್ರಗಳನ್ನು ಆರಿಸಿ ಡಿನಾಯ್ಸ್‌ಗೆ ಹಚ್ಚಿ ಮಲಗಿಬಿಡಿ, ಬೆಳಿಗ್ಗೆ ಆಗಿರುತ್ತದೆ.

ಮಾನಿಟರ್ ಏಕೆ ಎಂದು ಕೇಳುತ್ತೀರಿ. ಆ ಕಾಲದ ಮಧ್ಯಮ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಎಸ್‌ಆರ್‌ಜಿಬಿ (ಪರದೆಗಳಿಗೆ ಗೊತ್ತುಪಡಿಸಿದ ಸಾಮಾನ್ಯ ಬಣ್ಣವ್ಯಾಪ್ತಿ) ಬಣ್ಣಗಳಲ್ಲಿ ಮೂರನೇ ಎರಡು ಭಾಗವನ್ನೂ ಸರಿಯಾಗಿ ತೋರಿಸುವುದಿಲ್ಲ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಕೆಂಪು ಅಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಕಾಣುತ್ತದೆ. ಸಪ್ಪೆಯಾಯಿತೆಂದು ನೀವು ಸ್ಯಾಚುರೇಶನ್ ಏರಿಸುತ್ತೀರಿ. ನೋಡುವವರ ಹೊಸ ಮೊಬೈಲ್‌ನಲ್ಲಿ ಅದೇ ಕೆಂಪು ಕಣ್ಣಿಗೆ ಹೊಡೆಯುತ್ತದೆ, ಮುಖವರ್ಣಿಕೆಯ ಗೆರೆಗಳು ಒಂದರಲ್ಲೊಂದು ಕರಗಿಹೋಗಿರುತ್ತವೆ. ಈಗಿನ ಕೆಂಪು ಎಲ್‌ಇಡಿ ದೀಪಗಳಂತೂ ಈ ಕಷ್ಟವನ್ನು ದುಪ್ಪಟ್ಟು ಮಾಡಿವೆ. ಹಿಸ್ಟೋಗ್ರಾಮ್‌ನಲ್ಲಿ (ಬೆಳಕು, ಬಣ್ಣಗಳ ಪ್ರಮಾಣ ತೋರಿಸುವ ನಕ್ಷೆ) ಕೆಂಪು ಬಲಗೋಡೆಗೆ ಒರಗಿದೆಯೇ ಎಂದು ನೋಡುವ ಅಭ್ಯಾಸ ಮಾಡಿಕೊಳ್ಳಿ. 24 ಇಂಚಿನ ಐಪಿಎಸ್ (ಬಣ್ಣ ಚೆನ್ನಾಗಿ ತೋರಿಸುವ ಬಗೆಯ ಪರದೆ) ಮಾನಿಟರ್, ಎಸ್‌ಆರ್‌ಜಿಬಿ ಪೂರ್ತಿ ಅಥವಾ ಶೇ 99 ಎಂದು ಬರೆದಿರುವುದು, ಹತ್ತು ಹನ್ನೆರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಮುಂದೆ ಲ್ಯಾಪ್‌ಟಾಪ್ ಬದಲಾದರೂ ಅದು ಉಳಿಯುತ್ತದೆ.

ಖರ್ಚಿಲ್ಲದ ಕೆಲಸಗಳೂ ಇವೆ. ಚಿತ್ರ ಒಳಗೆ ತರುವಾಗಲೇ ಸ್ಮಾರ್ಟ್ ಪ್ರಿವ್ಯೂ (ಮೂಲ ಚಿತ್ರದ ಚಿಕ್ಕ ಪ್ರತಿ) ಮಾಡಿಸಿ, ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೂಲ ಫೈಲಿನ ಬದಲು ಅದನ್ನೇ ಬಳಸುವ ಆಯ್ಕೆಗೆ ಗುರುತು ಹಾಕಿ. ಎರಡೇ ಕೋರ್‌ನ ನಿಮ್ಮ ಪ್ರೊಸೆಸರ್‌ಗೆ ಸ್ಲೈಡರ್ ಹಗುರಾಗುತ್ತದೆ. ಅಲ್ಲೇ ಕ್ಯಾಮೆರಾ ರಾ ಕ್ಯಾಶ್ (ತೆರೆದ ಚಿತ್ರಗಳ ಮಾಹಿತಿಯನ್ನು ತಾತ್ಕಾಲಿಕವಾಗಿ ಇಡುವ ಜಾಗ) 5 ಜಿಬಿ ಇದ್ದರೆ 20ಕ್ಕೆ ಏರಿಸಿ. ಫ್ಯಾನಿನ ಧೂಳು ತೆಗೆಸಿ.

ನನ್ನ ಸಲಹೆಗೆ ಎದುರಾಗಿ ನಿಲ್ಲುವ ಗಟ್ಟಿ ಕಾರಣವೊಂದಿದೆ, ಅದನ್ನು ಮುಚ್ಚಿಡುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಬೇಕು, ನಿಮ್ಮದು ಏಳನೆಯದು. ಮನೆಬಳಕೆಯವರಿಗೆಂದು ಪ್ರಕಟಿಸಿದ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ನ ಗಡುವು 2026ರ ಅಕ್ಟೋಬರ್ 13. ಆದ್ದರಿಂದ ಇದನ್ನು ಬಹುಕಾಲ ಎಳೆಯುವ ಯೋಚನೆ ಬೇಡ. ಬ್ಯಾಂಕಿನ ಕೆಲಸ ಇದರಲ್ಲಿ ಮಾಡಬೇಡಿ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಪರದೆಯ ಕೀಲು ಮುರಿದಿದ್ದರೆ ಮೇಲಿನದೆಲ್ಲ ಮರೆತು ನೇರವಾಗಿ ಹೊಸದಕ್ಕೆ ಹೋಗಿ. 45 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಳ್ಳುವ ಆಸೆಯಿದ್ದರೂ ಅಷ್ಟೇ.

ಮೇ ಕೊನೆಯ ಹೊತ್ತಿಗೆ ಪತ್ತನಾಜೆಗೆ (ತುಳುನಾಡಿನಲ್ಲಿ ವರ್ಷದ ಆಟಗಳು ಮುಗಿಯುವ ದಿನ) ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆಗಾಲ ನಿಮಗೂ ಬಿಡುವು. ಹೊಸದನ್ನು ಆಗ ಕೊಳ್ಳಿ. ಆಗ ನೋಡಬೇಕಾದದ್ದು ಮೊದಲು 16 ಜಿಬಿ ರ‍್ಯಾಮ್ ಮತ್ತು ಒಂದು ಖಾಲಿ ಸ್ಲಾಟ್, ಆಮೇಲೆ 6 ಜಿಬಿ ಮೆಮೊರಿಯಾದರೂ ಇರುವ ಗ್ರಾಫಿಕ್ಸ್ ಚಿಪ್, ಕೊನೆಗೆ ಪ್ರೊಸೆಸರ್. ಪರದೆಯ ವಿವರದಲ್ಲಿ “45% ಎನ್‌ಟಿಎಸ್‌ಸಿ” (ಬಣ್ಣ ಕಡಿಮೆ ತೋರಿಸುವ ಪರದೆಯ ಗುರುತು) ಎಂದು ಕಂಡರೆ ಬೇರೆಯದನ್ನು ಕೇಳಿ. ಆ್ಯಪಲ್‌ನ ಎಂ ಸರಣಿಯವು ಈ ಕೆಲಸಕ್ಕೆ ಚೆನ್ನಾಗಿವೆ, ಆದರೆ ರ‍್ಯಾಮ್ ನಂತರ ಸೇರಿಸಲಾಗದು. 16 ಜಿಬಿಗಿಂತ ಕಡಿಮೆಯದನ್ನು ತರಬೇಡಿ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್, ಮೆಮೊರಿ ಎಷ್ಟೆಷ್ಟು ತೋರಿಸಿತೆಂದು ಕೆಳಗೆ ಬರೆಯಿರಿ, ರ‍್ಯಾಮ್ ಬೇಕೋ ಬೇಡವೋ ಎಂದು ಆಗ ಖಚಿತವಾಗಿ ಹೇಳುತ್ತೇನೆ.