ಸೂಜಿ ತಾಯಿಗೆ, ಕೆಲಸ ಮಗುವಿನ ಶ್ವಾಸಕೋಶದಲ್ಲಿ

ಅಣ್ಣ, 31ನೇ ವಾರಕ್ಕೇ ಹೆರಿಗೆಯಾದೀತು ಅಂತ ಕಾರವಾರದಲ್ಲಿ ಹೆಂಡತಿಗೆ ಸ್ಟಿರಾಯ್ಡ್ ಕೊಟ್ಟರು, ತಾಯಿಗೆ ಚುಚ್ಚಿದರೆ ಮಗುವಿಗೇನು ಉಪಯೋಗ ಅಂತ ಕೇಳಿದ್ದೀರಿ.

ಔಷಧ ಮಾಸು ದಾಟಿ ಮಗುವಿನ ರಕ್ತ ಸೇರುತ್ತದೆ. ಶ್ವಾಸಕೋಶದ ಜೀವಕೋಶಗಳೊಳಗೆ ಒಂದು ಪ್ರೋಟೀನಿಗೆ ಅಂಟಿಕೊಂಡು, ಅದರ ಜತೆ ಡಿಎನ್‌ಎ ತನಕ ಹೋಗಿ, ಅರೆನಿದ್ದೆಯಲ್ಲಿದ್ದ ಜೀನುಗಳನ್ನು ಎಬ್ಬಿಸುತ್ತದೆ. ಆಗ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ತಯಾರಿ ಚುರುಕಾಗುತ್ತದೆ. ಒದ್ದೆ ಪ್ಲಾಸ್ಟಿಕ್ ಕೊಟ್ಟೆಯ ಬಾಯಿ ಬಿಡಿಸಲು ಒದ್ದಾಡುತ್ತೇವಲ್ಲ (ಶಿರಸಿ ಮಳೆಗಾಲದಲ್ಲಿ ನಮಗದು ದಿನದ ಪಾಡು), ಜಿಡ್ಡಿಲ್ಲದ ಗಾಳಿಚೀಲವೂ ಉಸಿರು ಬಿಟ್ಟಾಗಲೆಲ್ಲ ಹಾಗೇ ಮುಚ್ಚಿಕೊಳ್ಳುತ್ತದೆ. ಮಗುವಿನ ಮೈ ತಾನಾಗಿ ಸಾಕಷ್ಟು ಜಿಡ್ಡು ಮಾಡಿಕೊಳ್ಳುವುದು ಸುಮಾರು 35ನೇ ವಾರಕ್ಕೆ.

ಕೊಟ್ಟ ಸ್ಟಿರಾಯ್ಡ್ ಬೆಟಾಮೆಥಸೋನ್ ಆದರೆ 24 ತಾಸಿನ ಅಂತರದಲ್ಲಿ ಎರಡು ಸೂಜಿ, ಡೆಕ್ಸಾಮೆಥಸೋನ್ ಆದರೆ 12 ತಾಸಿಗೊಂದರಂತೆ ನಾಲ್ಕು. ಯಾವುದು ಕೊಟ್ಟಿದ್ದಾರೆ ಕೇಳಿಕೊಳ್ಳಿ, ಉಳಿದ ಡೋಸ್ ಬಿಡಬೇಡಿ.