ತಾರಸಿ ಮೇಲೊಂದು ಸೆನ್ಸರ್ ಇಟ್ಟರೆ ಭೂಕಂಪದ ಹಾನಿ ಗೊತ್ತಾಗುತ್ತಾ?

ನಾಲ್ಕು ಅಂತಸ್ತಿನ ಆರ್‌ಸಿಸಿ ಬಿಲ್ಡಿಂಗಿಗೆ ಯಾವ ಸೆನ್ಸರ್ ತಗೊಳ್ಳಲಿ ಅಂತ ಕೇಳಿದ್ದೀರಿ. ಇದೇ ಹುಚ್ಚು ನನಗೂ ಇತ್ತು. ಎಂಟೆಕ್ ಪ್ರಾಜೆಕ್ಟಿಗೆ ಹುಬ್ಬಳ್ಳಿ ಗೋಕುಲ ರೋಡಿನ ಕಡೆ ಪರಿಚಯದವರ ಬಿಲ್ಡಿಂಗ್ ಸಿಕ್ಕಿತು. ಡಿಸೆಂಬರಿನಲ್ಲಿ ತಾರಸಿ ಮೇಲೆ ಆಕ್ಸಿಲೆರೊಮೀಟರ್, ಅಂದರೆ ಅಲುಗಾಟ ಅಳೆಯುವ ಸೆನ್ಸರ್ ಇಟ್ಟು ಅಳೆದೆ. ಗಾಳಿಗೆ, ಲಾರಿ ಓಡಾಟಕ್ಕೆ ಕಟ್ಟಡ ಸೆಕೆಂಡಿಗೆ 3.1 ಸಲ ತೂಗುತ್ತಿತ್ತು. ಏಪ್ರಿಲ್‌ನಲ್ಲಿ ನೋಡಿದರೆ 2.7!

ಕಟ್ಟಡದ ಬಿಗುವು, ಅಂದರೆ ಅಲುಗದಂತೆ ತಡೆಯುವ ಗುಣ, ಈ ಸಂಖ್ಯೆಯ ವರ್ಗದ (ಅದನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲಿ ಇಳಿಯುತ್ತದೆ. ಹಾಗೆ ನೋಡಿದರೆ ಹೆಚ್ಚುಕಡಿಮೆ ಕಾಲು ಭಾಗ ಹೋಗಿತ್ತು. ಪಕ್ಕದ ಸೈಟಿನಲ್ಲಿ ಪಾಯಕ್ಕೆ ಬಂಡೆ ಒಡೆಯುತ್ತಿದ್ದರು, ಅದರಿಂದಲೇ ಪಿಲ್ಲರ್ ಬಿರುಕು ಬಿಟ್ಟಿರಬೇಕು ಅಂತ ಮಾಲಕರಿಗೆ ಹೇಳಿಬಿಟ್ಟೆ. ಪಾಪ, ಎರಡು ಮನೆ ಬಾಡಿಗೆದಾರರನ್ನು ಖಾಲಿ ಮಾಡಿಸಿದರು. ಪ್ಲಾಸ್ಟರ್ ಕೆತ್ತಿಸಿದರೆ ಕೂದಲೆಳೆಯಷ್ಟೂ ಬಿರುಕಿಲ್ಲ. ಕೊನೆಗೆ ಮೇಸ್ತ್ರಿ, "ಯುಗಾದಿ ಮುಂದ ಕೆಳಗ ಅಂಗಡಿಗಂತ ಎರಡ ಗ್ವಾಡಿ ತಗದೇವಲ್ರಿ ಸರ" ಅಂದ.

ಡಿಸೆಂಬರಿನಲ್ಲಿ ಯಾವ ಮಹಡಿಯಲ್ಲಿ ಯಾವ ಗೋಡೆ ಇತ್ತು ಅಂತ ನಾನು ಬರೆದೇ ಇಟ್ಟಿರಲಿಲ್ಲ. ಒಂದು ಫೋಟೊ ಕೂಡ ಇಲ್ಲ. ಡಿಸೈನ್ ಮಾಡುವಾಗ ಇಟ್ಟಿಗೆ ಗೋಡೆ ಅಂದರೆ ನಮಗೆ ಸುಮ್ನೆ ಭಾರ, ಆದರೆ ಕಟ್ಟಡ ಅಲುಗುವಾಗ ಅದೇ ಗೋಡೆ ಪಿಲ್ಲರ್-ಬೀಮಿನ ಚೌಕಟ್ಟಿನೊಳಗೆ ಮೂಲೆಯಿಂದ ಮೂಲೆಗೆ ಆನಿಸಿದ ತೊಲೆಯ ಹಾಗೆ ತಡೆ ಕೊಡುತ್ತದೆ. ಅದನ್ನು ತೆಗೆದರೆ ಸಂಖ್ಯೆ ಇಳಿಯಲೇಬೇಕು. ತಾರಸಿ ಮೇಲಿನ ಒಂದು ಸೆನ್ಸರಿಗೆ ಬದಲಾವಣೆ ಆಗಿದೆ ಅಂತ ಗೊತ್ತಾಗುತ್ತದೆ, ಎಲ್ಲಿ, ಯಾಕೆ ಅಂತ ಗೊತ್ತಾಗಲ್ಲ. ನಾನು "ಬದಲಾವಣೆ" ಅನ್ನೋದನ್ನ "ಹಾನಿ" ಅಂತ ಓದಿದೆ, ಎರಡು ಮನೆಯ ಬಾಡಿಗೆ ಮುಳುಗಿತು.

ಹಾಗಂತ ಸೆನ್ಸರ್ ಸುಳ್ಳು ಹೇಳಿರಲಿಲ್ಲ. ಗೋಡೆ ಇಲ್ಲದೆ ಕೆಳಮಹಡಿ ಬಯಲಾದ ಬಿಲ್ಡಿಂಗ್ ನಿಜಕ್ಕೂ ಅಪಾಯವೇ. 2001ರ ಭುಜ್ ಭೂಕಂಪದಲ್ಲಿ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಅಂಥ ಅಪಾರ್ಟ್‌ಮೆಂಟುಗಳೇ ಕುಸಿದವು.

ಹಾಗಾಗಿ ಯಾವ ಕಂಪನಿದು ಅನ್ನೋ ಪ್ರಶ್ನೆ ಈಗ ಬಿಡಿ. ಮೊದಲು ಎಲ್ಲ ಮಹಡಿಯ ಗೋಡೆಗಳ ಫೋಟೊ ತೆಗೆದಿಡಿ. ಆಮೇಲೆ ಮಹಡಿಗೊಂದರಂತೆ ಸೆನ್ಸರ್, ಅದೂ ಪಿಲ್ಲರ್ ಹತ್ತಿರ ಸ್ಲ್ಯಾಬಿಗೇ ಬೋಲ್ಟ್ ಹಾಕಿ. ಟೈಲ್ಸ್ ಮೇಲೆ ಗಮ್ ಹಚ್ಚಿ ಕೂರಿಸಬೇಡಿ, ಟೈಲ್ಸ್ ಸಡಿಲ ಇದ್ದರೆ ಅದರ ಕುಣಿತವನ್ನೇ ಅಳೆಯುತ್ತೀರಿ. ತೀರಾ ಅಗ್ಗದ್ದು ಬೇಡ, ಮಾಮೂಲಿ ದಿನದ ಸಣ್ಣ ಅಲುಗಾಟ ಆ ಸೆನ್ಸರಿನದೇ ಎಲೆಕ್ಟ್ರಾನಿಕ್ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಭೂಕಂಪ ಆದರೆ ಲ್ಯಾಪ್‌ಟಾಪ್ ತೆರೆಯೋಕೆ ಮುಂಚೆ ಎಲ್ಲರನ್ನೂ ಹೊರಗೆ ಕಳಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ ಕೆಳಮಹಡಿ ಪಿಲ್ಲರಿನ ತಲೆ, ಬುಡ ತೋರಿಸಿ.

ಅಂದಹಾಗೆ, ನಿಮ್ಮದರಲ್ಲಿ ಕೆಳಗಡೆ ಪಾರ್ಕಿಂಗ್ ಇದೆಯಾ? ಅದನ್ನ ನೀವು ಬರೆದೇ ಇಲ್ಲ.